ಹಲ್ಲಿಗೆ ಕೊಟ್ಟ ಮಾತ್ರೆ

ದವಡೆ ಊದಿತ್ತು. ಏಳು ದಿನದ ಮಾತ್ರೆ.
ಐದಕ್ಕೇ ಹಲ್ಲು ಸುಮ್ಮನಾಯಿತು.
ಒಂಬತ್ತನೆಯ ದಿನ, ಸಾಗರದ ಬಸ್ಸಿನಲ್ಲಿ,
ಆಯನೂರು ದಾಟುವಷ್ಟರಲ್ಲಿ
ಹೊಟ್ಟೆ ತಾನೇ ಸೀಟಿ ಊದಿತು.

ಕುಂಸಿ. ಚೋರಡಿ. ಆನಂದಪುರ.
ಹದಿನಾರು ವರ್ಷ ಕೂಗಿದ ಹೆಸರುಗಳು;
ಈಗ ಪ್ರತಿಯೊಂದೂ ಒಂದು ಬಾಗಿಲು,
ಚಿಲಕ ಇದೆಯೋ, ನೀರು ಇದೆಯೋ.
ಮೂರನೆಯ ಸಲ ಇಳಿದಾಗ ರಕ್ತ.
ಡ್ರೈವರ್ ಗುತ್ಯಪ್ಪ ಏನೂ ಕೇಳದೆ
ಇಂಜಿನ್ ಆರಿಸಿ ಕಾದ.

ಶಿವಮೊಗ್ಗದ ವಾರ್ಡಿನಲ್ಲಿ ಡಾಕ್ಟರಮ್ಮ ಅಂದರು:
ಕರುಳಿನ ಒಳ್ಳೆಯ ಕ್ರಿಮಿಗಳೂ ಸತ್ತಿವೆ,
ಖಾಲಿ ಜಾಗದಲ್ಲಿ ಬೇರೆಯದು ಕೂತಿದೆ.
ಟಿಕೆಟ್ಟಿಲ್ಲದೆ, ಅಂದೆ.
ನಗಲಿಲ್ಲ ಅವರು;
ಅದಕ್ಕೂ ಇನ್ನೊಂದು ಮಾತ್ರೆ ಬರೆದರು.

ಸಂಜೆ ಗುತ್ಯಪ್ಪ ಬಂದ,
ರೂಢಿಯಂತೆ ಹುರಿಗಡಲೆ ಪೊಟ್ಟಣ ಹಿಡಿದು.
ಹಲ್ಲೂ ಇದೆ, ಕಡಲೆಯೂ ಇದೆ.
ಗಂಜಿತಿಳಿ ಕುಡಿದೆ.