ಬಲೆಯ ಕಣ್ಣು

ಕೋಡಿಬಾಗದ ಈ ಶೆಡ್ಡಿನಲ್ಲಿ ಮೊದಲು
ಮೀನಿಗೆ ಹಾಕುವ ಮಂಜುಗಡ್ಡೆ ಒಡೆಯುತ್ತಿದ್ದರು.
ಈಗ ನೆಲಕ್ಕೆಲ್ಲ ನೀಲಿ ಫೋಮು,
ಹಳದಿ ಜಾರುಬಂಡಿ, ಸಾವಿರದಿನ್ನೂರು ಪ್ಲಾಸ್ಟಿಕ್ ಚೆಂಡು
(ಎಣಿಸಿದವಳು ನಾನೇ, ಸೋಮವಾರ ತೊಳೆಯುವವಳೂ).
ತಾಸಿಗೆ ನೂರಿಪ್ಪತ್ತು, ಕಾಲುಚೀಲಕ್ಕೆ ಬೇರೆ.
ಬಿಸಿಲೇರಿದರೆ ಮಾತ್ರ ಗೋಡೆಯೊಳಗಿಂದ
ಹಳೆಯ ಬಂಗಡೆ ಸ್ವಲ್ಪ ಉಸಿರು ಬಿಡುತ್ತದೆ.

ಕೌಂಟರಿನ ಮೇಲೆ ನೂರು ಪುಟದ ನೋಟುಬುಕ್ಕು,
ದಾರದಲ್ಲಿ ಕಟ್ಟಿದ ಪೆನ್ನು.
'ನಿಮಗೇನು ಬೇಕು, ಬರೆಯಿರಿ' ಅಂತ
ಗ್ಲಾಡಿಸ್ ಬಾಯಿ ತಾವೇ ಬರೆದು ಅಂಟಿಸಿದ್ದಾರೆ.
ಎಸಿ ಜೋರು ಮಾಡಿ. ಚಹಾ ಇಡಿ.
ದೊಡ್ಡ ಮಕ್ಕಳನ್ನು ಬೇರೆ ಬಿಡಿ, ನಮ್ಮದನ್ನು ತುಳಿಯುತ್ತವೆ.
ಅದರ ಕೆಳಗೆ ಬೇರೆ ಕೈಬರಹ: ನಿಮ್ಮದು ಕಚ್ಚುತ್ತದೆ.
ಆ ಹಾಡೊಂದು ಬದಲಿಸಿ, ದೇವರಾಣೆ.

ಬರೆಯದೆ ಹೋದವರೇ ಹೆಚ್ಚು.

ಅರ್ಗಾದ ನೇವಿ ಕಾಲೊನಿಯವಳು, ಬಿಹಾರದ ಕಡೆಯ ಹುಡುಗಿ,
ಗಂಡ ಹಡಗಿನ ಮೇಲೆ, ಯಾವ ನೀರಲ್ಲಿ ಅಂತ ಕೇಳಬಾರದು.
'ಬಾಬು ಅತ್ತರೆ ಎಬ್ಬಿಸಿ ದೀದಿ' ಅಂದವಳೇ
ಚಪ್ಪಲಿ ಸ್ಟ್ಯಾಂಡಿಗೆ ಒರಗಿ ಕೂತಲ್ಲೇ ನಿದ್ದೆ.
ಬಾಬು ಅಳಲಿಲ್ಲ.
ತಾಸು ಮುಗಿದದ್ದು ಗಡಿಯಾರಕ್ಕೂ ಗೊತ್ತು, ನನಗೂ ಗೊತ್ತು.
ಇಬ್ಬರೂ ಬಾಯಿ ಬಿಡಲಿಲ್ಲ.

ಕಾಜುಬಾಗದ ಮಾಸ್ತರರು, 'ನಾನು ಬರೀ ನೋಡ್ಲಿಕ್ಕೆ' ಅಂದವರು,
ಮಗನ ಹಿಂದೆ ಕೊಳವೆಯೊಳಗೆ ತೂರಿ
ನಡುವೆ ಸಿಕ್ಕಿಕೊಂಡರು.
ಮಗ ಆಚೆ ಜಾರಿ ಹೋದ.
ಮಾಸ್ತರರ ಎರಡು ಪಾದ, ಒಂದು ಕಾಲುಚೀಲಕ್ಕೆ ತೂತು,
ಮೂರು ನಿಮಿಷ ಹಾಗೇ ಇದ್ದವು.
ಅವರು ಯಾರನ್ನೂ ಕರೆಯಲಿಲ್ಲ.
ಸಾಯಂಕಾಲದ ಐದೂವರೆಗೆ, ಊರಲ್ಲಿ
ಅವರಿಂದ ಏನನ್ನೂ ಕೇಳದ ಜಾಗ ಅದೊಂದೇ ಇರಬೇಕು.

ಬೋಟುಗಳೆಲ್ಲ ದಡದಲ್ಲಿ ಕಟ್ಟಿಕೊಂಡ ತಿಂಗಳು
ಬೈತಖೋಲದ ದಾಮು ಹರಿಕಂತ್ರ ಬಂದರು,
ಹೆಗಲ ಮೇಲೆ ನಾಲ್ಕು ವರ್ಷದ ಪ್ರಾಂಜಲಿ.
ನನಗೆ ತಡೆಯಲಾಗಲಿಲ್ಲ:
'ಕಡಲು ಮನೆ ಬಾಗಿಲಿಗೇ ಉಂಟು, ಮರಳು ಪುಕ್ಕಟೆ,
ಇಲ್ಲಿಗೆ ಯಾಕೆ ದುಡ್ಡು ಕೊಡ್ತೀರಿ?'
ಅವರು ಚಿಲ್ಲರೆ ಎಣಿಸುತ್ತ ಇದ್ದರು.
'ಅಲ್ಲಿ ನಿಂತರೆ ನನ್ನ ಕಣ್ಣು ನೀರಿನ ಮೇಲೇ ಹೋಗ್ತದೆ.
ಗಾಳಿ ಎತ್ತ, ಬಣ್ಣ ಹೇಗೆ, ಯಾರ ದೋಣಿ.
ಇವಳನ್ನು ನೋಡೋದು ಮರೆತೇ ಹೋಗ್ತದೆ.'

ಕೂತು ನೋಡಿದರು.
ಫೋನು ತೆಗೆಯಲಿಲ್ಲ.
ಮಗು ಹತ್ತಿತು, ಬಿತ್ತು, ಹತ್ತಿತು.
ಆಮೇಲೆ ತಟ್ಟನೆ ಎದ್ದು
ಮೇಲಂತಸ್ತಿನ ಮೂಲೆಯ ಬಲೆಗೆ ಕೈ ಹಾಕಿದರು.
ಒಂದು ಕಣ್ಣು ಹರಿದು, ಪಕ್ಕದ್ದೂ ಹರಿದು,
ಮಗುವಿನ ತಲೆ ತೂರುವಷ್ಟು ಬಾಯಿ.

ನೋಟುಬುಕ್ಕಿನ ನಲವತ್ತು ಪುಟ ತುಂಬಿತ್ತು.
ಇದನ್ನು ಯಾರೂ ಬರೆದಿರಲಿಲ್ಲ.
ದಿನಾ ಒರೆಸುವ ನಾನೂ ನೋಡಿರಲಿಲ್ಲ.

ಸ್ಕೂಟರಿನ ಡಿಕ್ಕಿಯಿಂದ ಬಲೆ ಸೂಜಿ ಬಂತು, ಹಸಿರು ನೈಲಾನು ಬಂತು.
ಮಕ್ಕಳು ಚೆಂಡು ಬಿಟ್ಟು ಸುತ್ತ ನೆರೆದವು.
'ನಮ್ಮಲ್ಲಿ ಕಣ್ಣು ದೊಡ್ಡದಿರಬೇಕು, ಮರಿ ತಪ್ಪಿಸಿಕೊಳ್ಳಲಿ ಅಂತ.
ಇಲ್ಲಿ ಸಣ್ಣದಿರಬೇಕು,' ಅಂದರು,
ಯಾರಿಗೆ ಅಂದರೋ, ಹಲ್ಲಲ್ಲಿ ದಾರ ಕಡಿಯುತ್ತ.
ಬೆರಳು ಒಳಗೆ ಹೋಗಿ ಹೊರಗೆ ಬಂದು ಬಿಗಿದು
ಹದಿಮೂರು ಗಂಟು.
ಕೊನೆಗೆ ತನ್ನ ಇಡೀ ಮೈಭಾರ ಬಿಟ್ಟು ಜೋತರು,
ಶೆಡ್ಡಿನ ಕಬ್ಬಿಣ ಕಿರ್ ಅಂತು,
ಪ್ರಾಂಜಲಿ ಚಪ್ಪಾಳೆ ತಟ್ಟಿತು.

ಅವರ ತಾಸಿನಲ್ಲಿ ಅರ್ಧ ಅದಕ್ಕೇ ಹೋಯಿತು.
ಇನ್ನೊಂದು ತಾಸು ಕೂತುಕೊಳ್ಳಿ ಅಂದೆ.
ಬೇಡ, ಅವಳಿಗೆ ಹಸಿವಾದೀತು ಅಂದರು.

ಬರೆಯಿರಿ ಅಂತ ನೋಟುಬುಕ್ಕು ತಿರುಗಿಸಿ ಕೊಟ್ಟೆ.
ಪುಟ ನೋಡಲಿಲ್ಲ.
ಪೆನ್ನಿನ ದಾರ ಸವೆದು ಎಳೆಯಾಗಿತ್ತು;
ಅದಕ್ಕೊಂದು ಹಸಿರು ಗಂಟು ಹಾಕಿ,
ಎಳೆದು ನೋಡಿ,
ಮಗುವಿನ ಚಪ್ಪಲಿ ಹುಡುಕತೊಡಗಿದರು.