ಕೊನೆಯ ಬಸ್ಸು ಎಷ್ಟು ಹೊತ್ತಿಗೆ

ಏಳು ಭಾನುವಾರ, ಹದಿನಾಲ್ಕು ಮನೆ.
ಸ್ಕೂಟರಿನ ಸೀಟಿನಡಿ ಒಂದು ಅಳತೆ ಟೇಪು,
ನೀರು ತುಂಬಿದ ಒಂದು ಬಾಟಲಿ,
ಅದರ ಮೇಲೆ ಸುಕೇಶನ ಅಕ್ಷರ:
ಕುಳಾಯಿ, ಬಾವಿ, ಏಪ್ರಿಲ್.

ಬ್ರೋಕರ್ ವಾಮನಣ್ಣ ಮುಂದೆ, ನಾವು ಹಿಂದೆ.
ಅವರ ಹೆಲ್ಮೆಟ್ಟಿಗೆ ಬೆಲ್ಟಿಲ್ಲ, ಮಾತಿಗೆ ಬ್ರೇಕಿಲ್ಲ.
“ಪೇಟೆಗೆ ಹತ್ತೇ ನಿಮಿಷ” ಎಂದರೆ
ಅದು ಬೆಳಗಿನ ಜಾವದ ಹತ್ತು ನಿಮಿಷ,
ನಂತೂರಿನಲ್ಲಿ ಒಂದೂ ಲಾರಿಯಿಲ್ಲದ ದಿನದ್ದು.

ಕುಳಾಯಿಯಲ್ಲಿ ಕಡಲಿನ ಗಾಳಿ ಉಂಟು.
ಆ ಗಾಳಿ ಕಿಟಕಿಯ ಸರಳುಗಳನ್ನು ಮೆಲ್ಲಗೆ ತಿನ್ನುತ್ತದೆ,
ಬೆರಳಿಟ್ಟರೆ ಕುಂಕುಮದ ಹಾಗೆ ತುಕ್ಕು.
ಸುಕೇಶನಿಗೆ ಬಂದರು ಹತ್ತಿರ,
ಕ್ರೇನಿನಿಂದ ಇಳಿದು ಊಟಕ್ಕೆ ಮನೆಗೇ ಬರಬಹುದು.
ನನಗೆ ಕಂಕನಾಡಿ ದೂರ, ಅದೂ ಆಸ್ಪತ್ರೆಯ ಪಾಳಿ.
ಬಾವಿಯ ನೀರು ಕುಡಿದು ನೋಡಿದೆವು.
“ಗಂಜಿಗೆ ಉಪ್ಪಿನ ಖರ್ಚಿಲ್ಲ” ಎಂದ ಸುಕೇಶ,
ಬಾಟಲಿಯ ಮುಚ್ಚಳ ಬಿಗಿ ಮಾಡುತ್ತಾ.

ಮರವೂರಿನಲ್ಲಿ ಮನೆಯಾಕೆ ಅಡಿಗೆಮನೆ ತೋರಿಸುವಾಗ
ತಾರಸಿಯ ಮೇಲೇ ಇಳಿದ ಹಾಗೆ ಒಂದು ವಿಮಾನ.
ಅವರು ಮಾತನ್ನು ಅರ್ಧಕ್ಕೆ ಬಿಟ್ಟು
ನಗುತ್ತಾ ನಿಂತರು, ಅದು ದಾಟಿದ ಮೇಲೆ
ಬಿಟ್ಟ ಅಕ್ಷರದಿಂದಲೇ ಮುಂದುವರಿಸಿದರು.
ಎಷ್ಟು ವರ್ಷದ ಅಭ್ಯಾಸವೋ.
ಹೊರಗೆ ಬಂದು ನಾವೂ ಹಾಗೆ ಮಾಡಿ ನೋಡಿದೆವು,
ಜಗಳವಾಡುವಾಗ ಉಪಯೋಗಕ್ಕೆ ಬಂದೀತು ಎಂದು.

ತೊಕ್ಕೊಟ್ಟಿನ ಆಚೆ ದರ ಕಡಿಮೆ.
ಸೇತುವೆಯ ನಡುವೆ ಸ್ಕೂಟರು ನಿಧಾನವಾಯಿತು.
ಕೆಳಗೆ ನೇತ್ರಾವತಿ, ಹಿನ್ನೀರಿನಲ್ಲಿ ಒಂದು ದೋಣಿ.
ಹೊಳೆ ನೋಡುತ್ತಿದ್ದಾನೆ ಅಂದುಕೊಂಡೆ,
ಅವನು ಬಡ್ಡಿ ಕಳೆಯುತ್ತಿದ್ದ.

ಇನ್ನೊಂದು ಕಡೆ (ಊರಿನ ಹೆಸರು ಬರೆಯುವುದಿಲ್ಲ,
ಅಂಥ ಗೇಟು ಎಲ್ಲ ಕಡೆಯೂ ಉಂಟು)
ಹೆಸರು ಕೇಳಿದರು.
ಸುಕೇಶ ಎಂದಾಗ ಕುರ್ಚಿ ಬಂತು.
ಲವೀನಾ ಎಂದಾಗ
ಒಳಗೆ ಚಹಾಕ್ಕೆ ಹಾಲು ಮುಗಿದಿತ್ತು.
“ಹಾಗಾದರೆ ನೀವು... ಯಾವ ಜನ?”
“ಬಾಡಿಗೆ ಜನ” ಎಂದು ಇವನು ಹೆಲ್ಮೆಟು ಎತ್ತಿಕೊಂಡ.
ಮುಂದಿನ ವಾರ ಬೇರೊಂದು ಗೇಟು,
ನನ್ನ ಹೆಸರಿಗೆ ಕುರ್ಚಿ, ಅವನದಕ್ಕೆ ಹಾಲಿಲ್ಲ.
ವಾಮನಣ್ಣ ಮೊದಲ ಬಾರಿ ಸುಮ್ಮನಾಗಿ
ಮೂರು ಗೋಳಿಸೋಡಾ ತರಿಸಿದರು, ದುಡ್ಡು ಅವರೇ ಕೊಟ್ಟರು.

ನೀರುಮಾರ್ಗ. “ಹೆಸರಿನಲ್ಲೇ ನೀರುಂಟು, ಮಾರಾಯ್ರೇ.”
ಬಾವಿಯಲ್ಲಿ? ಮೇ ತಿಂಗಳಲ್ಲಿ ಎರಡು ಕೊಡ,
ಬಗ್ಗಿ ನೋಡಿದರೆ ನಮ್ಮಿಬ್ಬರ ತಲೆ, ನಡುವೆ ತುಂಡು ಆಕಾಶ.
ಅರ್ಧ ಗಾರೆಯಾದ ಮನೆ, ಹಿಂದೆ ಕೆಂಪುಕಲ್ಲಿನ ಗೋಡೆ,
ಸ್ಕೂಟರನ್ನು ದೂಡಿಕೊಂಡು ಏರಬೇಕಾದ ಚಡವು.
ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ
ಹೆಸರು ಕೇಳಲಿಲ್ಲ.
“ಮೀನಿನವನು ಎಂಟಕ್ಕೆ ಬರ್ತಾನೆ,
ತಡ ಮಾಡಿದರೆ ಬರೀ ಬೂತಾಯಿ” ಎಂದರು.

ನಾನು ಕೇಳಿದ್ದು ಎಲ್ಲ ಕಡೆ ಕೇಳಿದ್ದನ್ನೇ:
ಕೊನೆಯ ಬಸ್ಸು ಎಷ್ಟು ಹೊತ್ತಿಗೆ?
ಎಲ್ಲರೂ ಹೇಳುತ್ತಾರೆ, ಇರ್ತದೆ, ಇರ್ತದೆ.
ಇರ್ತದೆ ಎನ್ನುವುದು ಗಂಟೆಯಲ್ಲ.

ಹಾಗಾಗಿ ಒಂದು ಗುರುವಾರ, ಸಂಜೆಪಾಳಿ ಮುಗಿಸಿ
ಸಮವಸ್ತ್ರ ಬ್ಯಾಗಿಗೆ ತುಂಬಿ
ಒಬ್ಬಳೇ ಹತ್ತಿದೆ.
ಕುಲಶೇಖರ ದಾಟುವಾಗ ಐದು ಜನ,
ಆಮೇಲೆ ಇಬ್ಬರು, ಆಮೇಲೆ ನಾನು
ಮತ್ತು ಸೀಟಿನ ಮೇಲೆ ಯಾರೋ ಮರೆತ ಬಸಳೆಯ ಕಟ್ಟು.
“ಇಲ್ಲಿ ಯಾರ ಮನೆ, ಅಕ್ಕ?” ಕಂಡಕ್ಟರು ಕೇಳಿದ.
ಬಾಯಿ ತೆರೆದೆ. ಏನು ಹೇಳುವುದು?
“ಗೊತ್ತಿಲ್ಲ” ಎಂದೆ. ಅವನು ನಗಲಿಲ್ಲ.

ಇಳಿದೆ. ಬೀದಿದೀಪ ಕಂಬದಲ್ಲಿ ಇತ್ತು, ಉರಿಯುತ್ತಿರಲಿಲ್ಲ.
ಬಸ್ಸು ತಿರುಗಬೇಕಿತ್ತು, ತಿರುಗಲಿಲ್ಲ.
ಎಂಜಿನು ಗುರುಗುಡುತ್ತಾ ನಿಂತು
ಹೆಡ್‌ಲೈಟನ್ನು ಚಡವಿನ ಮೇಲೆ ಹಾಸಿತು,
ನನ್ನ ನೆರಳು ನನಗಿಂತ ಮೊದಲು ಆ ಮನೆಯ ಗೋಡೆ ಮುಟ್ಟಿತು.
ತಿರುವು ಮುಗಿಯುವ ತನಕ ಬೆಳಕು ಹಾಗೇ ಇತ್ತು.
ಆಮೇಲೆ ಒಂದು ಸಣ್ಣ ಹಾರನ್ನು.

ಬೇಡ ಎಂದರೂ ಸುಕೇಶ ಸ್ಕೂಟರು ತಂದು
ಗೇಟಿಲ್ಲದ ಗೇಟಿನ ಬಳಿ ಕಾಯುತ್ತಿದ್ದ,
ಕೈಯಲ್ಲಿ ಹೊಸ ಬಾಟಲಿ, ಲೇಬಲ್ಲು ಬರೆಯದ್ದು.
ನೀರಿನ ರಿಪೋರ್ಟು ಇನ್ನೂ ಬರಬೇಕು,
ಬ್ಯಾಂಕಿನವರು ಇನ್ನೂ ಮೂರು ಕಾಗದ ಕೇಳಿದ್ದಾರೆ.

“ಹೇಗುಂಟು?” ಕೇಳಿದ.
“ಹತ್ತೂವರೆಗೆ ಉಂಟು” ಎಂದೆ.