ಎರಡು ಹತ್ತು, ಎರಡು ನಲವತ್ತೇಳು

ಶಿಡ್ಲಘಟ್ಟದ ರೀಲರ್ಸ್ ಸಂಘದ ಹಾಲು, ಎರಡನೇ ಶನಿವಾರ.
ಪರದೆಯೆಂದು ಕಟ್ಟಿದ ಬಿಳಿ ಪಂಚೆ
ಫ್ಯಾನಿನ ಗಾಳಿಗೆ ಹೊಟ್ಟೆ ಉಬ್ಬಿಸುತ್ತಿದೆ,
ನನ್ನ ಮೊದಲ ಸ್ಲೈಡಿನ ಅಕ್ಷರಗಳೆಲ್ಲ ಬಸುರಿ.

ಭಾಷಣ ಬೇಡ, ಮಾಡಿ ತೋರಿಸಿ, ಕೈಗೆ ಕೊಡಿ
ಅಂತ ಮೊದಲೇ ಅಂದಿದ್ದ ಪಿಳ್ಳಪ್ಪ.
ಬಸ್‌ಸ್ಟ್ಯಾಂಡ್ ಹಿಂದೆ ಮೊಬೈಲ್ ರಿಪೇರಿ ಅವನದು,
ಈ ಕೂಟದ ಹುಚ್ಚೂ ಅವನದೇ.
ಆರು ಹಳೇ ಲ್ಯಾಪ್‌ಟಾಪು, ಒಂದಕ್ಕೆ ಎಂಟರ್ ಕೀಲಿಯೇ ಇಲ್ಲ.
ಮೂಲೆ ಮೇಜಿನಲ್ಲಿ ಪಿಯುಸಿ ಹುಡುಗಿಯರು
ಹೇರ್‌ಪಿನ್ ತೂರಿಸಿ ಬೀಗ ತಡಕುತ್ತಾರೆ,
ಟಕ್ಕೆಂದರೆ ಹಾಲೇ ಹಾರುವಂತೆ ಕಿರುಚುತ್ತಾರೆ.

‘ಫ್ರೀ ವೈಫೈ’ ಅಂತ ನಾನೇ ಹರಡಿದ ಬಲೆಗೆ
ಟೀ ಬರುವ ಮೊದಲೇ ಹದಿನೇಳು ಫೋನು ಬಿದ್ದವು.
ಹದಿನೆಂಟನೆಯದು ಪಿಳ್ಳಪ್ಪನದು.
ಎಲ್ಲರೂ ನಕ್ಕರು. ಅವನೂ, ಸ್ವಲ್ಪ ತಡವಾಗಿ.

ಆಮೇಲೆ ನನ್ನ ಸರದಿ.
ಕಟ್ಟುಕತೆಯ ಗೂಡಿನ ಮಾರುಕಟ್ಟೆ, ಕಟ್ಟುಕತೆಯ ತೂಕದ ಯಂತ್ರ,
ಒಂದೇ ರಾತ್ರಿಯ ಲಾಗು, ಮೂವತ್ತೊಂದು ಸಾವಿರ ಸಾಲು.
ನಮ್ಮ ಆಫೀಸಿನ ಯಾವುದೋ ಹಳೇ ರಾತ್ರಿಯನ್ನು
ಕೇಳಿ ತಂದು, ಹೆಸರೆಲ್ಲ ಅಳಿಸಿ,
ನಾಲ್ಕು ಗಂಟೆಯ ಹೊತ್ತಿಗೆ ಒಬ್ಬ ಕಳ್ಳನನ್ನು
ನಾನೇ ಬಿತ್ತಿದ್ದೆ.

ಕೂಗುವುದನ್ನು ಹುಡುಕಿ, ಅಂದೆ.
ನೂರು ಸಲ ತಪ್ಪಿದ ಪಾಸ್‌ವರ್ಡು,
ಕಂಡು ಕೇಳರಿಯದ ವಿಳಾಸ, ಕೆಂಪಗೆ ಬಡಿದುಕೊಳ್ಳುವ ಸಾಲು.
ಎಂಟು ವರ್ಷದ ರಾತ್ರಿಪಾಳಿ ಕಲಿಸಿದ್ದು ಅದನ್ನೇ:
ನಾಲ್ಕು ಪರದೆ, ಫ್ಲಾಸ್ಕಿನ ಕಾಫಿ,
ಕೂಗಿದ್ದರ ಹಿಂದೆ ಓಡು.
ಓಡಿದರೆ ಅಲ್ಲೊಂದು ಕೆಟ್ಟ ಪ್ರಿಂಟರು,
ಇಲ್ಲ, ನಿದ್ದೆಗಣ್ಣಿನ ಮ್ಯಾನೇಜರು.

ಕರೆಂಟು ಹೋಯಿತು.
ಪಂಚೆ ಬರೀ ಪಂಚೆಯಾಯಿತು.
ಲ್ಯಾಪ್‌ಟಾಪಿನ ಬೆಳಕಲ್ಲಿ ಆರು ಗುಂಪು ಮುಖ,
ಒಂದು ಗುಂಪಿನಲ್ಲಿ ಖುರ್ಷಿದಾ.

ಬಕ್ರೀದಿನ ವಾರ ಯಾವುದೋ ಲಿಂಕು
ಅವಳ ಹನ್ನೊಂದು ಸಾವಿರ ನುಂಗಿತ್ತು.
ಅದನ್ನು ಕೇಳಲೆಂದೇ ಬಂದವಳು,
ಕುದಿನೀರಿಗೆ ನೆಂದೂ ನೆಂದೂ ಬಿಳುಚಿದ ಬೆರಳು,
ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ.
ಗಂಟೆ ನಿಮಿಷದ ಕಂಬ ಒಂದನ್ನೇ
ಎಳೆ ಹಿಡಿದಂತೆ ಹಿಡಿದು ಕೆಳಗಿಳಿಯುತ್ತಿದ್ದಳು.
ನಿಂತಳು.
“ಮೇಡಂ, ಇಲ್ಲಿ ಯಾರೂ ಮಾತೇ ಆಡಿಲ್ವಲ್ಲ.”

ಅರ್ಧ ನಿಮಿಷಕ್ಕೊಮ್ಮೆ ‘ಇದ್ದೇನೆ’ ಅನ್ನುವ ಯಂತ್ರ
ಎರಡು ಹತ್ತಕ್ಕೆ ಇದ್ದೇನೆ ಅಂದಿತ್ತು.
ಮುಂದಿನ ಸಾಲು ಎರಡು ನಲವತ್ತೇಳು.
ನಡುವೆ ಒಂದು ಗೆರೆಯೂ ಇಲ್ಲ, ಗೆರೆಯಿಲ್ಲವೆಂಬ ಗುರುತೂ ಇಲ್ಲ,
ಸಾಲಿಗೆ ಸಾಲು ಅಂಟಿಕೊಂಡು ಎಷ್ಟು ಸಭ್ಯವಾಗಿತ್ತು!

ಸೆರಗಿನ ಗಂಟು ಬಿಚ್ಚಿ ಎರಡು ಗೂಡು ತೆಗೆದಳು,
ಒಂದನ್ನು ನನ್ನ ಕಿವಿ ಪಕ್ಕ ಅಲ್ಲಾಡಿಸಿದಳು: ಲೊಟ ಲೊಟ.
“ಹುಳ ಗಟ್ಟಿ ಇದೆ. ಒಳ್ಳೇ ಮಾಲು.”
ಇನ್ನೊಂದು. ಏನೂ ಇಲ್ಲ.
“ಇದು ಕರಗು ಗೂಡು. ಒಳಗೇ ಸತ್ತು ಗೋಡೆಗೆ ಅಂಟ್ಕೊಂಡಿದೆ.
ಮೇಲಿಂದ ನೋಡಿದ್ರೆ ಎರಡೂ ಬೆಳ್ಳಗೇ.”

ಚೆನ್ನಾಗಿ ಹಿಡಿದಿರಿ, ಅನ್ನಲು ಹೊರಟ ಬಾಯಿ ಹಾಗೇ ನಿಂತಿತು.
ಕಳ್ಳನನ್ನು ಬಿತ್ತಿದವಳು ನಾನು.
ಈ ಮೌನವನ್ನು ನಾನು ಬಿತ್ತಿರಲಿಲ್ಲ.

ಮೂಲ ಕಡತ ತೆಗೆದೆ. ತಾರೀಖು ನೋಡಿದೆ.
ಆ ರಾತ್ರಿಯ ಪಾಳಿ ನನ್ನದು.
‘ವಿಶೇಷವೇನಿಲ್ಲ’ ಎಂದು ಬೆಳಗ್ಗೆ ಆರಕ್ಕೆ
ಸಹಿ ಹಾಕಿ ಬಸ್ಸು ಹಿಡಿದಿದ್ದೇನೆ.

ಕರೆಂಟು ಬಂತು. ಪಂಚೆಯ ಮೇಲೆ ಮತ್ತೆ
ನನ್ನ ಹೆಸರು, ಹುದ್ದೆ, ಅನುಭವ ಎಂಟು ವರ್ಷ.
ಹೊರಗೆ ಹೋಗಿ ಆಫೀಸಿಗೆ ಫೋನು ಹಚ್ಚಿದೆ,
ಬೇಯುವ ಹುಳದ ವಾಸನೆಯಲ್ಲಿ ನಿಂತು
ಮೂರು ಸಲ ಅದೇ ಗಂಟೆ, ಅದೇ ನಿಮಿಷ ಒದರಿದೆ.

ಒಳಗೆ ಚಿತ್ರಾನ್ನದ ತಟ್ಟೆ ಹಂಚುತ್ತಿದ್ದರು.
ಖುರ್ಷಿದಾ ನನ್ನ ಪಕ್ಕದ ಕುರ್ಚಿ ಎಳೆದುಕೊಂಡಳು:
“ಅದಿರ್ಲಿ ಮೇಡಂ. ನನ್ನ ಹನ್ನೊಂದು ಸಾವಿರ?”
ದೂರು ಕೊಡುವ ನಂಬರು ಬರೆದುಕೊಟ್ಟೆ.
ಚೀಟಿಯನ್ನು ದೂರ ಹಿಡಿದು ಓದಿದಳು,
ಆಮೇಲೆ, ಅಭ್ಯಾಸವೋ ಏನೋ,
ಕಿವಿಯ ಹತ್ತಿರ ತಂದು ಒಮ್ಮೆ ಅಲ್ಲಾಡಿಸಿದಳು.